ನೀರು ಹಿಂದಕ್ಕೆ ಹರಿದ ಬಚ್ಚಲು

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಹೊಸ ಮನೆಗೆ ಹೋದರೂ ದೇವರ ಕೋಣೆಗಿಂತ ಮೊದಲು ಬಚ್ಚಲು ನೋಡುತ್ತೇನೆ. ಸುಮ್ಮನೆ ನೋಡಿ ಬಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಾನು ಒಂದು ತಂಬಿಗೆ ನೀರನ್ನು ಮೂಲೆಗೆ ಚೆಲ್ಲಿ, ಅದು ಯಾವ ಕಡೆಗೆ ಹೊರಡುತ್ತದೆಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತೇನೆ. ಮೊನ್ನೆ ಬಾಗಲಕೋಟೆಯಲ್ಲಿ ಬೀಗರೊಬ್ಬರ ವಾಸ್ತುಶಾಂತಿಗೆ ಹೋದಾಗಲೂ ಹೀಗೇ ಆಯಿತು. ಮನೆಯೊಡತಿ ಪಾಪ, ಈ ಮುದುಕಿಗೆ ಏನೋ ಮಡಿ ಹುಡಿ ಇರಬೇಕೆಂದುಕೊಂಡು ಇನ್ನೊಂದು ಕೊಡ ನೀರು ತಂದಿಟ್ಟಳು. ನನ್ನ ಮೊಮ್ಮಕ್ಕಳು ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ನನಗೆ 'ಬಚ್ಚಲ ಮಾಮಲೇದಾರ' ಎಂದು ಹೆಸರಿಟ್ಟಿದ್ದಾರೆ.

ನಗಲಿ ಬಿಡಿ. ಇಳಕಲ್ಲಿನ ನನ್ನ ತವರಿನಲ್ಲಿ ಬಚ್ಚಲ ನೀರು ಅಡುಗೆಮನೆಯ ಹೊಸ್ತಿಲು ದಾಟಿ, ಜೋಳದ ಚೀಲಗಳ ಕೆಳಗೆ ಹೋಗಿ ಮಲಗಿದ್ದನ್ನು ಅವರು ನೋಡಿಲ್ಲ.

ಅದು ಹೊಸ ಬಚ್ಚಲಿನ ಮಾತು. ಹಾಗೆಂದು ಹಳೆಯದು ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಅದಕ್ಕೆ ಅದರವೇ ರೋಗಗಳಿದ್ದವು. ಹಿತ್ತಲಿಗೆ ಅಂಟಿಕೊಂಡ ಕತ್ತಲೆಯ ಗೂಡು ಅದು. ಒಳಗೆ ಕಾಲಿಟ್ಟರೆ ಎದುರಿಗೇ ಒಲೆಯಲ್ಲಿ ಹೂತು ಕುಳಿತ ತಾಮ್ರದ ಹಂಡೆ. ಹೊರಮೈಗೆ ಗೇಣುದಪ್ಪ ಮಸಿ, ಒಳಗೆ ಹುಣಸೆಹಣ್ಣು ತಿಕ್ಕಿ ಬೆಳಗಿದ ಹೊಳಪು. ಹತ್ತಿಕಟ್ಟಿಗೆ, ಸೆಗಣಿಯ ಕುಳ್ಳು ತುರುಕಿ ಉರಿ ಹಾಕಿದರೆ ನೀರು ಕಾಯುವ ಮೊದಲು ನಮ್ಮ ಕಣ್ಣು ಕಾಯುತ್ತಿತ್ತು. ನಾನು ಸಣ್ಣವಳಿದ್ದಾಗ ಎಣ್ಣೆನೀರಿನ ದಿನ ಬಂತೆಂದರೆ ಮಾಳಿಗೆ ಹತ್ತಿ ಅಡಗಿಕೊಳ್ಳುತ್ತಿದ್ದೆ. ನನ್ನ ಆಯಿ, ಎಂದರೆ ಅಪ್ಪನ ತಾಯಿ, ಕೆಳಗೆ ನಿಂತು, "ಇಳಿದ ಬರ್ತೀಯೋ, ಹಂಡೇವ ಮ್ಯಾಲ ತರ್ಲೋ?" ಎಂದು ಕೂಗುತ್ತಿದ್ದಳು. ಆಕೆ ತಂದರೂ ತಂದಾಳು ಎಂಬ ಹೆದರಿಕೆಗೆ ನಾನು ಇಳಿಯುತ್ತಿದ್ದೆ. ಕಣ್ಣಿಗೆ ಸೀಗೆಕಾಯಿ ಹೋಗಿ ನಾನು ಚೀರಿದರೆ, "ಕಣ್ಣ ಮುಚ್ಚಂದ್ರ ಬಾಯಿ ತೆರೀತಿಯಲ್ಲ" ಎಂದು ಇನ್ನೊಂದು ತಂಬಿಗೆ ಸುರಿಯುತ್ತಿದ್ದಳು.

ಆ ಬಚ್ಚಲಿನ ನೆಲಕ್ಕೆ ಯಾವ ಕಾಲದಲ್ಲೋ ಹಾಸಿದ ಕಾಡುಗಲ್ಲುಗಳು. ಒಂದೊಂದು ಒಂದೊಂದು ಕಡೆಗೆ ಮುಖ ಮಾಡಿಕೊಂಡಿದ್ದವು. ಸಂದಿಯಲ್ಲಿ ಪಾಚಿ, ಪಾಚಿಯ ಪಕ್ಕದಲ್ಲಿ ಒಂದು ಕಪ್ಪೆ. ಬೇಸಿಗೆಯಲ್ಲಿ ಕೂಡ ಅಂಗಾಲಿಗೆ ತಣ್ಣಗೆ ಕೊರೆಯುವ ಜಾಗ ನಮ್ಮ ಊರಿನಲ್ಲಿ ಅದೊಂದೇ ಇತ್ತೆಂದು ಕಾಣುತ್ತದೆ.

ಆ ಥಂಡಿಯ ಮಾತು ನಮ್ಮ ಮನೆಯಲ್ಲಿ ನಗೆಯ ಮಾತಾಗಿರಲಿಲ್ಲ. ನನ್ನ ಬೆನ್ನಿಗೆ ಬಂದ ಕೂಸಿನ ಬಾಣಂತನದಲ್ಲಿ ನನ್ನ ಅವ್ವ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಜ್ವರ ನೆತ್ತಿಗೇರಿತು ಎಂದರು ಎಲ್ಲರೂ. ಆಯಿ ಮಾತ್ರ ಜ್ವರವನ್ನು ಬೈಯಲಿಲ್ಲ, ಬಚ್ಚಲನ್ನು ಬೈದಳು. "ಹಸೀ ಬಾಣಂತೀನ ಆ ಹಾಳ ಥಂಡ್ಯಾಗ ಕುಂದ್ರಿಸಿ ಎರದ್ನೆವ್ವಾ, ನನ್ನ ಕೈಯಾರೆ ಎರದ್ನಿ" ಎಂದು ಯಾರ ಮುಂದೆಯೋ ಹೇಳುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ಅದು ನಿಜವೋ ಅಲ್ಲವೋ, ಇವತ್ತಿನ ಡಾಕ್ಟರುಗಳು ಬೇರೆ ಏನಾದರೂ ಹೇಳಿಯಾರು. ನಮ್ಮ ಮನೆಯಲ್ಲಿ ಅದನ್ನು ತಿರುಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮುಂದೆ ನನ್ನನ್ನು ಹುನಗುಂದಕ್ಕೆ ಕೊಟ್ಟರು. ಮೊದಲ ಬಸಿರು ನಿಂತು, ಕುಬಸದ ಶಾಸ್ತ್ರ ಮುಗಿಸಿ, ಅಪ್ಪ ಕಳಿಸಿದ ಚಕ್ಕಡಿಯಲ್ಲಿ ಕುಳಿತು ತವರಿಗೆ ಬಂದೆ. ಬಂದವಳು ಕಾಲು ತೊಳೆಯಲೆಂದು ಹಿತ್ತಲಿಗೆ ಹೋಗಿ ನೋಡಿದರೆ ಬಚ್ಚಲೇ ಇಲ್ಲ! ಅದಿದ್ದ ಜಾಗದಲ್ಲಿ ಕಲ್ಲುಮಣ್ಣಿನ ಗುಡ್ಡೆ. ಗುಡ್ಡೆಯ ಮೇಲೆ, ರಾಜ್ಯ ಕಳೆದುಕೊಂಡ ಅರಸನ ಹಾಗೆ ನಮ್ಮ ಹಂಡೆ ಬೋರಲಾಗಿ ಬಿದ್ದಿತ್ತು.

"ಇದೇನೋ ಅಪ್ಪಾ?" ಎಂದೆ.

ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕ. "ನಿನ್ನ ಬಾಣಂತನ ಹೊಸಾ ಬಚ್ಚಲದಾಗ ಆಕ್ಕೈತಿ, ಗಿರಿಜಾ. ನೆಲಕ್ಕ ಬಾದಾಮಿ ಕಡೀ ಕೆಂಪ ಚಪ್ಪಡಿ ತರಿಸೇನಿ. ಹನಿ ನೀರು ನಿಂದ್ರಬಾರದು, ಹಂಗ ಮಾಡಸ್ತೇನಿ."

ಅಪ್ಪನದು ಸೀರೆಯ ವ್ಯಾಪಾರ. ಊರ ಸುತ್ತ ಎಲ್ಲಿ ನೋಡಿದರೂ ಕಲ್ಲೇ ಇರುವ ಇಳಕಲ್ಲಿಗೆ ಬಾದಾಮಿಯಿಂದ ಗಾಡಿಯ ಮೇಲೆ ಕಲ್ಲು ತರಿಸುವ ಬುದ್ಧಿ ವ್ಯಾಪಾರಿಗಲ್ಲದೆ ಬೇರೆಯವರಿಗೆ ಹೊಳೆಯುವುದಿಲ್ಲ. ನಮ್ಮ ಊರಿನ ಸೀರೆಯನ್ನು ಪರಊರವರು ಮುಗಿಬಿದ್ದು ಕೊಳ್ಳುವುದನ್ನು ನೋಡಿ ನೋಡಿ, ಪರಊರಿನದೆಲ್ಲ ಒಳ್ಳೆಯದೇ ಇರುತ್ತದೆಂದು ಅವನೂ ನಂಬಿಬಿಟ್ಟಿದ್ದ.

ಕೆಲಸದ ಗುತ್ತಿಗೆ ಹಿಡಿದವನು ಹುಸೇನಸಾಬ. ಅಪ್ಪನ ಸರೀಕ, ಸಣ್ಣಂದಿನ ಗೆಳೆಯ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಓಣಿಯವರೆಲ್ಲರ ಹಾಗೆ ಅವನೂ ನನ್ನ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಿದ್ದ. ನಮ್ಮ ಓಣಿಯ ಬಾವಿಗೆ ಮೆಟ್ಟಿಲು ಕಟ್ಟಿದವನು ಅವನೇ. ತುಂಬಿದ ಕೊಡ ಹೊತ್ತು ಕಣ್ಣು ಮುಚ್ಚಿಕೊಂಡು ಹತ್ತಿದರೂ ಕಾಲು ತಪ್ಪದ ಮೆಟ್ಟಿಲುಗಳು. ಅಂಥವನು ಒಂದು ಬಚ್ಚಲಿಗೆ ನೆಲ ಹಾಸುವುದೆಂದರೆ ಹೆಚ್ಚಿನ ಮಾತೇನಲ್ಲ ಎಂದೇ ಎಲ್ಲರೂ ತಿಳಿದಿದ್ದರು.

ಕಾಕಾ ದಿನಾ ಬೆಳಿಗ್ಗೆ ಬಿಳೀ ರುಮಾಲು ಸುತ್ತಿಕೊಂಡು ಬರುತ್ತಿದ್ದ. ಬಂದವನೇ ಒಂದೊಂದು ಚಪ್ಪಡಿಯನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಅಂಗೈಯಿಂದ ಉದ್ದಕ್ಕೆ ಸವರುತ್ತಿದ್ದ. ಅಪ್ಪನಿಗೆ ಅದನ್ನು ನೋಡುವುದೇ ಒಂದು ಸಡಗರ. "ನೋಡ ಗಿರಿಜಾ, ಕಲ್ಲಿನ ನಾಡಿ ಹಿಡೀತಾನ" ಎನ್ನುತ್ತಿದ್ದ. ಕಾಕಾನ ಹಳೆಯ ಗೌಂಡಿಗಳು ಬಾಗಲಕೋಟೆಯ ಕಡೆ ಕೆಲಸ ಹೆಚ್ಚಿದೆಯೆಂದು ಬಿಟ್ಟುಹೋಗಿದ್ದರು. ಈಗ ಇದ್ದವರಿಬ್ಬರೂ ಹೊಸಬರು. ಒಬ್ಬನಿಗೆ ಸುಣ್ಣದ ಗಾರೆ ಕಲಸುವಾಗ ನಿದ್ದೆ ಬರುತ್ತಿತ್ತು. ಇನ್ನೊಬ್ಬನಿಗೆ ನಿದ್ದೆ ಬರದಿದ್ದರೂ ಕೆಲಸ ಬರುತ್ತಿರಲಿಲ್ಲ. ಮಟ್ಟಕ್ಕೆ ದಾರ ಕಟ್ಟಿಸಿ ಕಾಕಾ ಬಾಗಿಲಲ್ಲಿ ಕುಳಿತು, "ನೂಲು ಸರಿ ಐತೇನ್ಲೇ?" ಎಂದು ಕೇಳುವನು. "ಐತ್ರಿ" ಎನ್ನುವರು. "ಇಳಿಜಾರು ಮೋರಿ ಕಡೆ ಬಂತೇನ್ಲೇ?" "ಬಂತ್ರಿ." ಅವರು ಇಲ್ಲ ಎಂದದ್ದನ್ನು ನಾನು ಕೇಳಲೇ ಇಲ್ಲ. ಅಂಥ ನಯವಿನಯದ ಆಳುಗಳು.

ಅಲ್ಲಿಯವರೆಗೆ ನಮ್ಮ ಜಳಕವೆಲ್ಲ ದನದ ಕೊಟ್ಟಿಗೆಯ ಮೂಲೆಯಲ್ಲಿ, ಎಮ್ಮೆಯ ಎದುರಿಗೆ. ಎಮ್ಮೆ ಮೆಲುಕು ಹಾಕುತ್ತ ಕಣ್ಣು ತೆಗೆಯದೆ ನೋಡುತ್ತಿತ್ತು. ನನಗೆ ಎಮ್ಮೆಯ ಎದುರಿನಲ್ಲೂ ನಾಚಿಕೆ.

ಕಡೆಗೊಮ್ಮೆ ನೆಲ ಹಾಸಿ ಮುಗಿಯಿತು. ಕೆಂಪು ಚಪ್ಪಡಿ ಒದ್ದೆಯಾದಾಗ ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಯಿ ಹಂಡೆಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಹೊತ್ತಿಸಿ, ಮೊದಲ ಕೊಡ ಸುರಿದಳು. ನೀರು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಮೋರಿಗೆ ಬೆನ್ನು ತಿರುಗಿಸಿ, ನಮ್ಮ ಕಾಲುಗಳ ನಡುವೆ ಹಾದು, ಅಡುಗೆಮನೆಯ ಕಡೆಗೆ ಹೊರಟಿತು. ಅಪ್ಪ ಹಾರಿ ಹಿಂದೆ ಸರಿದ. ಆಯಿ, "ಅಯ್ಯ ನನ ಶಿವನ, ಜ್ವಾಳ!" ಎಂದು ಓಡಿದಳು.

ಕಾಕಾ ಬಗ್ಗಿ ಅಂಗೈಯಿಂದ ನೆಲ ತಡವಿದ. ಮುಖದಲ್ಲಿ ಏನೂ ತೋರಗೊಡದೆ, "ಹೊಸಾ ನೆಲ ಅಲ್ಲೇನ ಶಿವಪ್ಪಾ. ನೀರಿಗೆ ಇನ್ನ ರೂಢಿ ಆಗಿಲ್ಲ" ಎಂದ.

"ನೀರಿಗೆ ರೂಢಿ ಯಾಕೋ ಬೇಕು? ಅದು ತೆಳಗ ಹರಿಯೂದು ಅವ್ವನ ಹೊಟ್ಟ್ಯಾಗಿಂದ ಕಲತ ಬಂದೈತಿ" ಎಂದ ಅಪ್ಪ. ಆದರೂ ನಗುತ್ತಲೇ ಅಂದ. ಮೊದಲ ಸಲ ಎಲ್ಲರೂ ನಗುತ್ತಾರೆ.

ಕಿತ್ತು ಮತ್ತೆ ಹಾಸಿದರು. ಈ ಸಲ ನೀರು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ನಟ್ಟನಡುವೆ ನಮ್ಮ ಎಮ್ಮೆಯ ಹಾಗೆ ಮಲಗಿಬಿಟ್ಟಿತು. ಕಾಕಾ ಗೌಂಡಿಗಳನ್ನು ಬೈದ. ಗೌಂಡಿಗಳು ಕಲ್ಲನ್ನು ಬೈದರು. ಕಲ್ಲು ತರಿಸಿದವನು ಅಪ್ಪನಾದ್ದರಿಂದ ಅದು ತನಗೇ ಬೈದಂತೆಂದು ಅವನು ಸಿಟ್ಟಾದ. ಗೆಳೆಯರಿಬ್ಬರೂ ಪಡಸಾಲೆಯಲ್ಲಿ ಬೇರೆ ಬೇರೆ ಕಡೆ ಮುಖ ಮಾಡಿಕೊಂಡು ಚಹಾ ಕುಡಿದರು. ಅಮೀನಗಡದಿಂದ ಬಂದ ಯಾವನೋ ಬಂಧು, "ನಡುವ ನೀರ ನಿಂತ್ರ ಚಲೋನ ಆತಲ್ಲ, ಕಾಲು ತೊಳ್ಯಾಕ ಹೊಂಡ ಬ್ಯಾರೆ ಬೇಕಿಲ್ಲ" ಎಂದು ಚೇಷ್ಟೆ ಮಾಡಿದ. ಅವನಿಗೆ ಆ ದಿನ ನಮ್ಮ ಮನೆಯಲ್ಲಿ ಎರಡನೆಯ ರೊಟ್ಟಿ ಸಿಗಲಿಲ್ಲ.

ಮತ್ತೊಮ್ಮೆ ಕಿತ್ತರು. ಮತ್ತೊಮ್ಮೆ ಹಾಸಿದರು. ನನಗೆ ದಿನ ತುಂಬುತ್ತಾ ಬಂದಿತ್ತು. ಆಯಿಯ ಬಾಯಲ್ಲಿ ಮಾತು ಕಡಿಮೆಯಾಗುತ್ತ ಹೋದದ್ದನ್ನು ನಾನು ನೋಡುತ್ತಿದ್ದೆ. ಈ ಸಲ ನೀರೇನೋ ಹೇಗೋ ತೆವಳಿಕೊಂಡು ಮೋರಿಯವರೆಗೆ ಹೋಯಿತು. ಎಲ್ಲರೂ ಉಸಿರು ಬಿಟ್ಟರು. ಆದರೆ ಬಾಗಿಲ ಹತ್ತಿರ ಒಂದು ಚಪ್ಪಡಿಯ ಮೂಲೆ ಉಳಿದವುಗಳಿಗಿಂತ ಎದ್ದು ನಿಂತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಮರುದಿನ ಮಧ್ಯಾಹ್ನ ಕಾಲು ತೊಳೆಯಲು ಒಳಗೆ ಹೋದ ನನ್ನ ಹೆಬ್ಬೆರಳು ಅದಕ್ಕೆ ತಗುಲಿತು. ಕೈಗೆ ಹಂಡೆಯ ಕಂಠ ಸಿಕ್ಕದಿದ್ದರೆ ನಾನು ಹೊಟ್ಟೆಯ ಮೇಲೇ ಬೀಳುತ್ತಿದ್ದೆ. ಮಗ್ಗುಲಾಗಿ ಬಿದ್ದೆ.

ಆ ಮಧ್ಯಾಹ್ನದ ಬಗ್ಗೆ ಲಘುವಾಗಿ ಬರೆಯಲು ನನಗೆ ಈಗಲೂ ಬರುವುದಿಲ್ಲ. ನೋವು ದೊಡ್ಡದಲ್ಲ, ಹೆದರಿಕೆ ದೊಡ್ಡದು. ಹೊಟ್ಟೆಯೊಳಗಿನ ಕೂಸು ಅಲುಗಾಡಲಿಲ್ಲ. ಸೂಲಗಿತ್ತಿ ಬಂದು ಕಿವಿಯಿಟ್ಟಳು, ಎಣ್ಣೆ ಸವರಿದಳು. ಆಯಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕುಳಿತಳು. ಅಪ್ಪ ಬಾಗಿಲವರೆಗೆ ಬರುವನು, ಒಳಗೆ ಬರಲಾರದೆ ತಿರುಗಿ ಹೋಗುವನು. ಹೊತ್ತು ಇಳಿಯುವ ಹೊತ್ತಿಗೆ ಕೂಸು ಒಮ್ಮೆ ಒದೆಯಿತು. ನಾನು, "ಆಯೀ, ಒದೀತು" ಎಂದೆ. ಆಯಿ, "ಒದೀಲಿ ಬಿಡ, ಒದೀಲಿ" ಎಂದಳು. ಅಷ್ಟು ಹೊತ್ತು ತಡೆದಿಟ್ಟ ಅಳುವನ್ನೆಲ್ಲ ಆಮೇಲೆ ಅತ್ತಳು.

ಅಪ್ಪ ಆಗ ಹೊರಗೆ ಹೋದ. ಹುಸೇನಸಾಬ ಓಣಿಯ ತಿರುವಿನಲ್ಲೇ ಎದುರಾದನಂತೆ. ನಾಲ್ಕು ಜನ ನಿಂತಿದ್ದರು. "ನಿನ್ನ ಗೆಳೆತನಾನೂ ಸಾಕು, ನಿನ್ನ ಕೆಲಸಾನೂ ಸಾಕು. ನನ್ನ ಹೊಸ್ತಿಲಾ ತುಳದೀ ಅಂದ್ರ ಕಾಲ ಮುರೀತೇನಿ" ಎಂದು ಅಪ್ಪ ಕೂಗಿದ್ದು ನನಗೆ ಒಳಗೆ ಮಲಗಿದಲ್ಲಿಗೇ ಕೇಳಿತು. ಕಾಕಾ ಬಂದ ದಾರಿಯಲ್ಲೇ ತಿರುಗಿ ಹೋದನಂತೆ.

ಆದರೂ ಅವನು ಬಂದ. ಎರಡು ದಿನ ಬಿಟ್ಟು, ಅಪ್ಪ ಅಂಗಡಿಗೆ ಹೋದ ಹೊತ್ತಿಗೆ, ಕರದಂಟಿನ ಪುಡಿಕೆಯೊಂದನ್ನು ಕೈಯಲ್ಲಿ ಹಿಡಿದು ಪಡಸಾಲೆಯ ಅಂಚಿಗೆ ಕುಳಿತ. ನಾನು ಒಳಕೋಣೆಯಲ್ಲಿ ಮಲಗಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಇಬ್ಬರೂ ನನಗೆ ಕಾಣುತ್ತಿದ್ದರು.

"ತಂಗಿ ಹೆಂಗದಾಳ ಆಯಿ?" ಎಂದ.

"ಅದಾಳ." ಆಯಿ ಅಷ್ಟೇ ಅಂದಳು. ಆದರೆ ಬಿಸಿಲಲ್ಲಿ ಬಂದವನಿಗೆ ನೀರು ಕೊಡದೆ ಇರುವುದು ಆಕೆಗೆ ಬರುತ್ತಿರಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಮಜ್ಜಿಗೆ ತಂದು ಅವನ ಮುಂದೆ ಹಿಡಿದಳು. ಕಾಕಾ ಕೈ ಚಾಚಿದ. ಕೈ ಬಟ್ಟಲಿನ ಪಕ್ಕಕ್ಕೆ ಹೋಗಿ ಗಾಳಿಯನ್ನು ಹಿಡಿಯಿತು. ಮತ್ತೆ ಹಿಂದೆ ಬಂತು. ಮತ್ತೆ ಹೋಯಿತು.

ಆಯಿ ಅಲುಗದೆ ನಿಂತಳು. ಆಮೇಲೆ ಕೆಳಗೆ ಕುಳಿತು, ಅವನ ಕೈ ಹಿಡಿದು ಬಟ್ಟಲನ್ನು ಅದರಲ್ಲಿಟ್ಟು, ಬೆರಳುಗಳನ್ನು ಅದರ ಸುತ್ತ ಮಡಚಿದಳು.

"ಯಾವಾಗಿಂದ ಕಾಣವಲ್ದೋ, ಹುಸೇನಾ?"

ಕಾಕಾ ಮಜ್ಜಿಗೆ ಕುಡಿಯಲಿಲ್ಲ. "ಭಾಳ ದಿನಾ ಆತು ಆಯಿ" ಎಂದ. "ಮೊದಲ ಮಂಜಿನಂಗ ಇತ್ತು. ಬಿಸಲಿಗೆ ಹಂಗ ಆಕ್ಕೈತಿ ಅಂದ್ನಿ. ಈಗ ಮನಶ್ಯಾ ಐತಿ ಅಂತ ತಿಳೀತೈತಿ, ಯಾವ ಮನಶ್ಯಾ ಅಂತ ತಿಳ್ಯಂಗಿಲ್ಲ. ದನಿ ಕೇಳಿ ಹೆಸರ ಹಿಡೀತೇನಿ."

"ಮನ್ಯಾಗ ಹೇಳಿಯೇನು?"

"ಯಾರಿಗೂ ಹೇಳಿಲ್ಲ. ಕುರ್ಡ ಗುತ್ತೇದಾರಗ ಯಾರ ಕೆಲಸಾ ಕೊಡ್ತಾರ ಆಯಿ? ನೂಲು ಸರಿ ಐತಿ ಅಂತಾರ ಹುಡುಗ್ರು, ಐತಿ ಅಂತೇನಿ. ನಿಮ್ಮ ಮನಿ ಕೆಲಸಾನರ ಚಂದ ಆಗಲಿ ಅಂತ ಕೈಲೆ ತಡವಿ ತಡವಿ ನೋಡೀನಿ, ಅಲ್ಲಾನ ಆಣಿ. ಆ ಒಂದ ಮೂಲಿ ನನ್ನ ಕೈಗೆ ಸಿಗಲಿಲ್ಲ." ಅವನು ಬಟ್ಟಲನ್ನು ತಡವಿಕೊಂಡು ಕೆಳಗಿಟ್ಟ. "ಶಿವಪ್ಪ ಬೈದದ್ದು ಕಡಿಮಿ ಆತು. ಅವ ನನ್ನ ಹೊಡದಿದ್ರ ಬೇಸಿತ್ತು."

ನನಗೆ ಅವನ ಮೇಲೆ ಆ ದಿನದವರೆಗೆ ಇದ್ದ ಸಿಟ್ಟು ಸಣ್ಣದಲ್ಲ. ಆದರೆ ಹಾಸಿಗೆಯಲ್ಲಿ ಮಲಗಿಕೊಂಡು ಅವನನ್ನು ನೋಡುತ್ತಿದ್ದಾಗ, ಕಲ್ಲನ್ನು ಬಡಿದು ಕಿವಿಯಿಡುತ್ತಿದ್ದದ್ದು, ಅಂಗೈಯಿಂದ ಸವರುತ್ತಿದ್ದದ್ದು ಎಲ್ಲ ನನ್ನ ಕಣ್ಣಿಗೆ ಕಟ್ಟಿತು. ನಾವು ಜಾಣತನವೆಂದು ಮೆಚ್ಚಿಕೊಂಡದ್ದು ಒಬ್ಬ ಮನುಷ್ಯನ ಪರದಾಟವಾಗಿತ್ತು.

"ಮುಂದಿನ ಕೆಲಸಾ ಯಾವುದು ಹಿಡದಿ?" ಎಂದು ಕೇಳಿದಳು ಆಯಿ.

ಕಾಕಾ ತಲೆ ತಗ್ಗಿಸಿದ. "ಶಿರೂರಾಗ ಒಂದ ಬಾವಿ. ಮೆಟ್ಟಲಾ, ಮ್ಯಾಲ ಕಟ್ಟಿ."

"ಬಾವಿ!" ಎಂದಳು ಆಯಿ. ಆಮೇಲೆ ದನಿ ಇಳಿಸಿ ಹೇಳಿದಳು. "ಬಚ್ಚಲದಾಗ ನನ್ನ ಮೊಮ್ಮಗಳು ಬಿದ್ಲು, ದೇವರ ದೊಡ್ಡಾಂವ, ಎದ್ಲು. ಬಾವ್ಯಾಗ ಬಿದ್ದಾಕಿ ಏಳತಾಳೇನೋ? ತಲಿ ಮ್ಯಾಲ ಕೊಡ ಇಟ್ಟಾಕಿ ಕೆಳಗ ನೋಡೂದಿಲ್ಲ ಹುಸೇನಾ. ಮೆಟ್ಟಲಾ ಕಟ್ಟಿದಾಂವನ ನಂಬಿ ಕಾಲ ಇಡತಾಳ."

ಕಾಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಶಿವಪ್ಪಗ ಹೇಳಬ್ಯಾಡ ಆಯಿ."

"ಊರಿಗೆ ಹೇಳಂಗಿಲ್ಲ. ಅವಗ ಹೇಳೇ ಹೇಳ್ತೇನಿ. ಬಿದ್ದಾಕಿ ಅವನ ಮಗಳು."

ಅಪ್ಪನಿಗೆ ಹೇಳಿದಾಗ ಅವನು ಕರಗಿಹೋಗುತ್ತಾನೆಂದು ನಾನು ತಿಳಿದಿದ್ದೆ. ಕರಗಲಿಲ್ಲ. "ಕಣ್ಣ ಕಾಣದಿದ್ರ ಬಾಯಿ ಇರಲಿಲ್ಲೇನು? ನನ್ನ ಮುಂದ ಹೇಳಾಕ ಏನಾಗಿತ್ತು ಅವಗ?" ಎಂದು ಮತ್ತಷ್ಟು ಕೆರಳಿದ. ಊಟ ಅರ್ಧಕ್ಕೆ ಬಿಟ್ಟ. ಈಗ ಯೋಚಿಸಿದರೆ ಅನಿಸುತ್ತದೆ, ಕೆಲಸ ಕೆಟ್ಟದ್ದಕ್ಕಿಂತ ಗೆಳೆಯ ತನ್ನಿಂದ ಮುಚ್ಚಿಟ್ಟದ್ದು ಅವನಿಗೆ ಹೆಚ್ಚು ಚುಚ್ಚಿತ್ತು. ಆದರೆ ಮರುದಿನ ಅವನೇ ಎದ್ದು ಹುಸೇನಸಾಬನ ಮನೆಗೆ ಹೋದ. ಅಲ್ಲಿ ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬಂದವನು ಆಯಿಯ ಮುಂದೆ ಇಷ್ಟೇ ಹೇಳಿದ: "ಮೊದಲ ಶಿರೂರಿಗೆ ಹೋಗಿ, ತಾನ ಬಾಯಿಬಿಟ್ಟ ಹೇಳಿ ಬರಬೇಕು ಅಂದೀನಿ. ಆಮ್ಯಾಲ ಮಿರಜಿಗೆ ನಾ ಕರಕೊಂಡ ಹೊಕ್ಕೇನಿ. ಅಲ್ಲೆ ಪೊರೀ ತಗ್ಯಾಕ ಡಾಕ್ಟರ್ ಅದಾರಂತ. ಆದ್ರ ಗಿರಿಜಾ ಹಡೀತನಕಾ ನಾ ಊರ ಬಿಡಂಗಿಲ್ಲ."

ಹುಸೇನಸಾಬ ಶಿರೂರಿಗೆ ಹೋದ. ಚಾವಡಿಯಲ್ಲಿ ಹಿರಿಯರ ಮುಂದೆ ನಿಂತು, "ನನ್ನ ಕಣ್ಣ ಹೋಗ್ಯಾವ, ಬಾವಿ ಬ್ಯಾರೇದವರಿಗೆ ಕೊಡ್ರಿ" ಎಂದನಂತೆ. ಕೆಲವರು ಅಯ್ಯೋ ಅಂದರು. ಕೆಲವರು, ಇಷ್ಟು ದಿನ ಮುಚ್ಚಿಟ್ಟುಕೊಂಡು ಕೆಲಸ ಹಿಡಿದನಲ್ಲ ಎಂದು ಬಾಯಿಗೆ ಬಂದ ಹಾಗೆ ಆಡಿದರು. ಸುದ್ದಿ ಇಳಕಲ್ಲಿಗೆ ಅವನಿಗಿಂತ ಮೊದಲೇ ಬಂತು. ಗೌಂಡಿಗಳಿಬ್ಬರೂ ಬೇರೆ ಕಡೆ ಕೆಲಸಕ್ಕೆ ನಿಂತರು. ಕಾಕಾ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಆಯಿ ದಿನಾ ಏನಾದರೊಂದು ನೆವ ಮಾಡಿ ಅವನ ಮನೆಯ ಕಡೆ ಹೋಗಿಬರುತ್ತಿದ್ದಳು. "ಕುಂತಾನ. ಉಣ್ಣಾಕತ್ತಾನ. ಸಾಕು" ಎಂದು ನನಗೆ ಬಂದು ಹೇಳುತ್ತಿದ್ದಳು.

ಇಷ್ಟರಲ್ಲಿ ನಾನು ಹಡೆದೆ. ಹೆಣ್ಣು. ಬಿದ್ದ ಗುರುತೊಂದೂ ಮೈಮೇಲಿಲ್ಲದ, ಓಣಿಗೆಲ್ಲ ಕೇಳುವ ಗಂಟಲಿನ ಹೆಣ್ಣು. ಅವಳು ಅತ್ತ ಕೂಡಲೇ ಹೊರಗೆ ಅಪ್ಪ ಧಪ್ಪನೆ ಕಟ್ಟೆಯ ಮೇಲೆ ಕುಳಿತ ಸಪ್ಪಳ ನನಗೆ ಕೇಳಿತು.

ನಾನೇನೋ ಬಾಣಂತಿಯಾದೆ, ಮೀಯಲು ಬಚ್ಚಲು ಇರಲಿಲ್ಲ. ಎದ್ದು ನಿಂತ ಆ ಚಪ್ಪಡಿಯ ನೆಲಕ್ಕೆ ಕಾಲಿಡಲು ಆಯಿ ನನ್ನನ್ನು ಬಿಡಲಿಲ್ಲ. ಎಮ್ಮೆಯ ಎದುರಿಗೆ ಬಾಣಂತಿಗೆ ಎರೆಯುವುದೂ ಆಕೆಯ ಮನಸ್ಸಿಗೆ ಬರಲಿಲ್ಲ. ಕೊನೆಗೆ ಏನು ಮಾಡಿದಳು ಗೊತ್ತೇ? ಹಿತ್ತಲಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ಕಡೆ ಹಂಡೆ ಹೂಡಿದಳು. ಸುತ್ತ ಗೂಟ ನೆಟ್ಟು, ಅಪ್ಪನ ಅಂಗಡಿಯಿಂದ ಸೀರೆ ತರಿಸಿ ಮರೆ ಕಟ್ಟಿದಳು. ಅಪ್ಪ ಹಳೆಯ ಸೀರೆ ಕಳಿಸಿದರೆ, "ಇವು ತೆಳ್ಳಗದಾವ, ದಪ್ಪ ನೇಯ್ಗೀವು ಕೊಡು" ಎಂದು ವಾಪಸು ಅಟ್ಟಿದಳು. ಕೆಂಪು ಸೆರಗು, ದಾಳಿಂಬರಿ ಬಣ್ಣದ ಒಡಲು, ನೀಲಿ ಅಂಚು. ಬೆಳಗಿನ ಬಿಸಿಲು ಆ ಬಣ್ಣಗಳಲ್ಲಿ ಸೋಸಿಕೊಂಡು ಒಳಗೆ ಬಂದು ನನ್ನ ತೋಳ ಮೇಲೆ, ನೀರಿನ ಮೇಲೆ, ಕೂಸಿನ ಹೊಟ್ಟೆಯ ಮೇಲೆ ಬೀಳುತ್ತಿತ್ತು. ನನ್ನಷ್ಟು ಚೆಂದದ ಬಚ್ಚಲಿನಲ್ಲಿ ಮಿಂದ ಬಾಣಂತಿ ನಮ್ಮ ಸೀಮೆಯಲ್ಲಿ ಯಾರೂ ಇರಲಿಕ್ಕಿಲ್ಲ. ಎರೆದ ನೀರು ಮಣ್ಣಿನಲ್ಲಿ ಇಂಗಿ ಹೋಗುತ್ತಿತ್ತು. ಅಂಗಾಲಿಗೆ ಬೆಚ್ಚಗೆ. ಆಯಿ ಮೊದಲ ದಿನ ಎರೆಯುತ್ತ ಎರೆಯುತ್ತ, "ಥಂಡಿ ಆಗವಲ್ದಲ್ಲ?" ಎಂದು ಮತ್ತೆ ಮತ್ತೆ ಕೇಳಿದಳು. ಇಲ್ಲ ಆಯಿ ಎಂದೆ. "ಖರೇ ಹೇಳು." ಖರೇನ ಆಯಿ. ಆಮೇಲೆ ಆಕೆ ಕೇಳುವುದನ್ನು ಬಿಟ್ಟಳು.

ಹೆಸರಿಡುವುದು ಮುಗಿದ ಮೇಲೆ ಅಪ್ಪ ಮಾತಿನಂತೆ ಹೊರಟ. ಕಾಕಾ ಕೊನೆಯ ಗಳಿಗೆಯಲ್ಲಿ ಒಲ್ಲೆನೆಂದು ಕುಳಿತನಂತೆ. ಕಣ್ಣಿಗೆ ಚಾಕು ಹಾಕುತ್ತಾರೆಂದರೆ ಯಾರು ತಾನೇ ಹೂಂ ಅನ್ನುತ್ತಾರೆ? "ಇರೂದ ಅಷ್ಟಿಷ್ಟು ಬೆಳಕು. ಅದೂ ಹೋದ್ರ?" ಎಂದನಂತೆ. ಅಪ್ಪ ಅವನನ್ನು ಓಲೈಸಲಿಲ್ಲ. "ಹೋದ್ರ ನನ್ನ ಹೆಗಲ ಮ್ಯಾಲ ಕೈ ಇಟ್ಟಕೊಂಡ ಅಡ್ಡಾಡು. ಈಗರ ಏನ ಹೆಚ್ಚಿನದು ಮಾಡಾಕತ್ತಿ? ಏಳಲೇ, ಚಕ್ಕಡಿ ನಿಂತೈತಿ" ಎಂದನಂತೆ. ಬಾಗಲಕೋಟೆಯವರೆಗೆ ಚಕ್ಕಡಿ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಹೊರಗಿನದನ್ನೆಲ್ಲ ಗೆಳೆಯನಿಗೆ ಹೇಳುತ್ತ ಹೋದನಂತೆ. ಹೊಲ, ಗುಡಿ, ಕುರಿಹಿಂಡು, ಯಾವುದನ್ನೂ ಬಿಡಲಿಲ್ಲ. "ನಿಮ್ಮಪ್ಪ ಅಷ್ಟ ಮಾತಾಡಿದ್ದು ಅದ ಮೊದಲು, ಅದ ಕಡೀಕ" ಎಂದು ಕಾಕಾ ಮುಂದೆ ನನಗೆ ಹೇಳಿ ನಗುತ್ತಿದ್ದ.

ಒಂದು ಕಣ್ಣು ಉಳಿಯಲಿಲ್ಲ. ಅದು ಬಹಳ ಕೆಟ್ಟಿತ್ತಂತೆ. ಇನ್ನೊಂದಕ್ಕೆ ಬೆಳಕು ಬಂತು. ಅಪ್ಪ ಅವನನ್ನು ಅಲ್ಲಿ ಬಿಟ್ಟು ಬಂದು, ಕನ್ನಡಕ ಸಿದ್ಧವಾದ ಮೇಲೆ ಮತ್ತೆ ಹೋಗಿ ಕರೆತಂದ. ಅಷ್ಟರಲ್ಲಿ ನನ್ನ ಮಗಳು ಸಿಕ್ಕಿದ್ದನ್ನೆಲ್ಲ ಹಿಡಿದೆಳೆಯುವಷ್ಟು ದೊಡ್ಡವಳಾಗಿದ್ದಳು. ನನ್ನನ್ನು ಹುನಗುಂದಕ್ಕೆ ಕಳಿಸುವ ಮಾತು ನಡೆದಿತ್ತು.

ಕಾಕಾ ಚಕ್ಕಡಿಯಿಂದ ಇಳಿದು ತನ್ನ ಮನೆಗೂ ಹೋಗದೆ ನಮ್ಮ ಹಿತ್ತಲಿಗೆ ಬಂದ. ಮೂಗಿನ ಮೇಲೆ ಹರಳಿನಷ್ಟು ದಪ್ಪ ಗಾಜಿನ ಕನ್ನಡಕ. ಅದರ ಹಿಂದೆ ಅವನ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಯಾರನ್ನೂ ಮಾತಾಡಿಸದೆ ನೆಟ್ಟಗೆ ಬಚ್ಚಲಿನ ಬಾಗಿಲಿಗೆ ಹೋಗಿ ನಿಂತ. ನಾವೆಲ್ಲ ಹಿಂದೆ ನಿಂತೆವು. ಅವನು ನೆಲವನ್ನು ನೋಡಿದ. ಗೋಡೆಯನ್ನು ನೋಡಿದ. ಮತ್ತೆ ನೆಲವನ್ನು ನೋಡಿದ.

"ಯಾ ಅಲ್ಲಾ! ಇದನ್ನ ಯಾವ ಕತ್ತೆ ಹಾಸೇತಿ?" ಎಂದ.

ಅಪ್ಪ ಗಂಭೀರವಾಗಿ, "ಅದರ ಹೆಸರ ಹೇಳಾಕ ಬರಂಗಿಲ್ಲ, ಅದು ನನ್ನ ಗೆಳ್ಯಾ ಐತಿ" ಎಂದ.

ಕಾಕಾ ತಿರುಗಿ ಅವನನ್ನು ನೋಡಿದ. ಆ ಒಂದು ಕಣ್ಣು ತುಂಬಿಕೊಂಡಿತು. ಆಮೇಲೆ ಅವನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದ. ಅಪ್ಪನೂ ಅವನ ಪಕ್ಕದಲ್ಲಿ ಕುಸಿದ. ಇಬ್ಬರು ನರೆತ ಮೀಸೆಯ ಗಂಡಸರು ಆ ಡೊಂಕು ನೆಲಕ್ಕೆ ಕೈತೋರಿಸಿ ತೋರಿಸಿ ನಗುವುದನ್ನು ನೋಡಿ ಆಯಿಗೆ ಸಿಟ್ಟೇ ಬಂತು. "ನಕ್ಕದ್ದು ಸಾಕು, ಯಾವಾಗ ಸರಿಮಾಡ್ತಿ ಅದನ್ನ ಹೇಳು" ಎಂದಳು.

ಮರುದಿನವೇ ಕಾಕಾ ಧೋತರ ಮೇಲೆ ಕಟ್ಟಿ ತಾನೇ ಕುಳಿತ. ಆಳುಗಳನ್ನು ಕರೆಯಲಿಲ್ಲ. ಎಲ್ಲ ಚಪ್ಪಡಿ ಕಿತ್ತು, ಕೆಳಗಿನ ಗಾರೆ ಕೆತ್ತಿ ತೆಗೆದು, ಮೊದಲಿನಿಂದ ಹಾಸಿದ. ನಿಧಾನವಾಯಿತು. ಒಂದೇ ಕಣ್ಣಿಗೆ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂಬುದು ತಿಳಿಯಲು ತೊಡಕಾಗುತ್ತಿತ್ತು. ಸುತ್ತಿಗೆ ಒಂದೆರಡು ಸಲ ಬೆರಳಿಗೇ ಬಿತ್ತು. ದೊಡ್ಡ ಗುತ್ತಿಗೆಗಳನ್ನು ಅವನು ಮುಂದೆ ಹಿಡಿಯಲೇ ಇಲ್ಲ. ಮನೆಗಳ ಕಟ್ಟೆ, ಒಲೆ, ಬಚ್ಚಲು, ಇಂಥ ಸಣ್ಣ ಕೆಲಸ ಮಾಡಿಕೊಂಡೇ ಉಳಿದ ಕಾಲ ಕಳೆದ. ನಮ್ಮ ಬಚ್ಚಲಿನ ನೀರು ಆಮೇಲೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ನೀರು ಹೋದದ್ದು ಒಂದು ಕಥೆಯಲ್ಲ.

ಕೆಲಸ ಮುಗಿದ ದಿನ ಅವನು ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತಾಗ ನಾನು ಕೂಸನ್ನು ತಂದು ಅವನ ತೊಡೆಯ ಮೇಲೆ ಹಾಕಿದೆ. ಕೂಸನ್ನು ಅವನು ಅದುವರೆಗೆ ಎತ್ತಿಕೊಂಡಿರಲಿಲ್ಲ. ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ, ಅದು ನನಗೆ ಗೊತ್ತಿತ್ತು. ಅವನು ಅವಳನ್ನು ಎರಡೂ ಕೈಯಲ್ಲಿ ಎತ್ತಿ, ಕನ್ನಡಕದ ಹತ್ತಿರಕ್ಕೆ ತಂದು, ಹುಬ್ಬು, ಮೂಗು, ಕಿವಿ, ಬೆರಳಿನ ಉಗುರು, ಒಂದೊಂದನ್ನೂ ನೋಡಿದ. ಅವಳು ಸುಮ್ಮನೆ ಅವನನ್ನೇ ದಿಟ್ಟಿಸುತ್ತಿದ್ದವಳು, ಚಟ್ಟನೆ ಕೈಚಾಚಿ ಕನ್ನಡಕ ಹಿಡಿದು ಎಳೆದಳು.

ನಾನು ಬಿಡಿಸಲು ಹೋದೆ. ಅವನು ತಲೆಯಲ್ಲೇ ಬೇಡವೆಂದು ಸನ್ನೆ ಮಾಡಿ, ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸುತ್ತ ಹೇಳಿದ:

"ಈಗ ಬ್ಯಾಡ ನನ್ನವ್ವಾ. ನಿನ್ನ ನೋಡೂದು ಇನ್ನ ಮುಗದಿಲ್ಲ."